ತಾಯ್ನಾಡಿಗೆ ಬೆನ್ನು ಮಾಡಿದ ಪಾರಿವಾಳ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಓಬನ್ ಎಂಬ ಪಟ್ಟಣವಿದೆ. ಅಲ್ಲಿಂದ ಹಡಗು ಹತ್ತಿದರೆ ಒಂದು ಗಂಟೆಯೊಳಗೆ ಮಲ್ ಎಂಬ ದೊಡ್ಡ ದ್ವೀಪ ಸಿಗುತ್ತದೆ. ಆ ದ್ವೀಪವನ್ನು ದಾಟಿಹೋಗುವ ರಸ್ತೆ ಸುಮಾರು 60 ಕಿಲೋಮೀಟರ್ ಉದ್ದ. ಬಹುಪಾಲು ಒಂದೇ ಗಾಡಿ ಹಿಡಿಸುವಷ್ಟು ಅಗಲ. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಯಾರಾದರೊಬ್ಬರು ಪಕ್ಕಕ್ಕೆ ನಿಂತು ದಾರಿ ಬಿಡಬೇಕು. ಬೋಳು ಬೆಟ್ಟ, ಕುರಿಮಂದೆ, ಒಳನಾಡಿಗೆ ನುಗ್ಗಿ ಬಂದ ಸಮುದ್ರದ ತೋಳುಗಳನ್ನು ಹಾದು ರಸ್ತೆ ಮುಗಿಯುವಲ್ಲಿ ನಸುಗೆಂಪು ಬಂಡೆಗಳ ಒಂದು ಪುಟ್ಟ ಬಂದರು. ಮುಂದೆ ಒಂದೂವರೆ ಕಿಲೋಮೀಟರಿನಷ್ಟು ನೀರು. ನೀರಿನಾಚೆ ಐಯೋನಾ.

ಹೆಚ್ಚೆಂದರೆ ಐದೂವರೆ ಕಿಲೋಮೀಟರ್ ಉದ್ದದ, ನಡೆದೇ ಸುತ್ತಬಹುದಾದ ದ್ವೀಪ ಇದು. ಇದರ ಅತಿ ಎತ್ತರದ ಗುಡ್ಡ 101 ಮೀಟರ್. ಬಿಸಿಲು ಬಿದ್ದ ದಿನ ಬಿಳಿ ಮರಳಿನ ಮೇಲೆ ನೀರು ಮೊದಲು ಹಸಿರಾಗಿ, ಆಮೇಲೆ ನೀಲಿಯಾಗಿ ಹೊಳೆಯುತ್ತದೆ. 1920ರ ದಶಕದಲ್ಲಿ ಕ್ಯಾಡೆಲ್, ಪೆಪ್ಲೊ ಮುಂತಾದ ಹೆಸರಾಂತ ಸ್ಕಾಟಿಷ್ ಚಿತ್ರಕಾರರು ಈ ಬಣ್ಣಗಳಿಗೆ ಮನಸೋತು ಇಲ್ಲಿಗೆ ಬರುತ್ತಿದ್ದರು. ಇಂದಿಗೂ ಪ್ರತಿ ಬೇಸಿಗೆಯಲ್ಲಿ ಸಾವಿರಾರು ಜನ ಬರುತ್ತಾರೆ. ಪ್ರಕೃತಿಯ ಚೆಲುವನ್ನು ಸವಿದು ಸಂಜೆಯ ದೋಣಿಯಲ್ಲಿ ಮರಳುತ್ತಾರೆ.

ಆದರೆ 563ನೇ ಇಸವಿಯಲ್ಲಿ ಈ ದಡಕ್ಕೆ ಬಂದಿಳಿದ ಒಬ್ಬ ವ್ಯಕ್ತಿ ಮರಳಿ ಹೋಗುವ ಉದ್ದೇಶದಿಂದ ಬಂದವರಲ್ಲ. ಚೆಲುವು ನೋಡಲು ಬಂದವರೂ ಅಲ್ಲ. ಅವರೇ ಸಂತ ಕೊಲಂಬಾ. ಸಂತ ಪ್ಯಾಟ್ರಿಕ್ ಮತ್ತು ಸಂತ ಬ್ರಿಜಿಡ್ ಅವರೊಂದಿಗೆ ಐರ್ಲೆಂಡಿನ ಮೂವರು ಪಾಲಕ ಸಂತರಲ್ಲಿ ಇವರೂ ಒಬ್ಬರು. ಧರ್ಮಸಭೆ ಜೂನ್ 9ರಂದು ಇವರನ್ನು ಸ್ಮರಿಸುತ್ತದೆ.

ನರಿ ಮತ್ತು ಪಾರಿವಾಳ

ಐರ್ಲೆಂಡಿನ ವಾಯವ್ಯ ಮೂಲೆಯಲ್ಲಿ ಡೊನೆಗಾಲ್ ಎಂಬ ಗುಡ್ಡಗಾಡು ಸೀಮೆಯಿದೆ. ಅಲ್ಲಿನ ಗಾರ್ಟನ್ ಎಂಬಲ್ಲಿ, ಸರೋವರಗಳ ಮಗ್ಗುಲಲ್ಲಿ, ಸುಮಾರು 521ರಲ್ಲಿ ಕೊಲಂಬಾ ಜನಿಸಿದರು. ತಂದೆ ಫೆಡ್ಲಿಮಿಡ್, ತಾಯಿ ಎತ್ನೆ. ಐರ್ಲೆಂಡಿನ ಉತ್ತರ ಭಾಗವನ್ನೆಲ್ಲ ಆಳುತ್ತಿದ್ದ ಓ ನೀಲ್ ವಂಶದ ಕುಡಿ ಈ ಮಗು. ಸನ್ಯಾಸಿಯಾಗದೆ ಹೋಗಿದ್ದರೆ ಅರಸನಾಗಬಹುದಿತ್ತು.

ಹುಟ್ಟಿದಾಗ ಮಗುವಿಗಿಟ್ಟ ಹೆಸರು ಕ್ರಿಮ್ಥನ್ ಎಂದು ಹಳೆಯ ಸಂಪ್ರದಾಯ ಹೇಳುತ್ತದೆ. ಗೇಲಿಕ್ ಭಾಷೆಯಲ್ಲಿ ಅದಕ್ಕೆ ನರಿ ಎಂಬ ಅರ್ಥವಿದೆ. ದೊಡ್ಡ ಮನೆತನದವರು ಮಕ್ಕಳನ್ನು ಬೇರೆಯವರ ಮನೆಯಲ್ಲಿ ಬೆಳೆಸುವುದು ಅಂದಿನ ರೂಢಿ. ಈ ಬಾಲಕ ಬೆಳೆದದ್ದು ಕ್ರೂತ್ನಿಹಾನ್ ಎಂಬ ಗುರುಗಳ ಮನೆಯಲ್ಲಿ. ಯಾವಾಗ ನೋಡಿದರೂ ದೇವಾಲಯದ ಬಳಿಯೇ ಇರುತ್ತಿದ್ದ ಇವನನ್ನು ಜೊತೆಯ ಮಕ್ಕಳು ಕೊಲಂ ಕಿಲ್ಲೆ, ಅಂದರೆ ದೇವಾಲಯದ ಪಾರಿವಾಳ, ಎಂದು ಕರೆಯತೊಡಗಿದರಂತೆ. ಅದೇ ಹೆಸರು ನಿಂತಿತು. ಲ್ಯಾಟಿನ್ನಿನಲ್ಲಿ ಅದು ಕೊಲಂಬಾ ಆಯಿತು.

ಹೆಸರೇನೋ ಬದಲಾಯಿತು. ಒಳಗಿದ್ದ ನರಿ ಅಷ್ಟು ಸುಲಭವಾಗಿ ಹೊರಟುಹೋಗಲಿಲ್ಲ. ಗಟ್ಟಿ ಕಂಠ, ಚುರುಕು ಬುದ್ಧಿ, ರಾಜರಕ್ತದ ಗತ್ತು, ಬೇಗ ಕೆರಳುವ ಸ್ವಭಾವ, ಇವೆಲ್ಲ ಅವರಲ್ಲಿದ್ದವೆಂದು ಅವರ ಬಗ್ಗೆ ಉಳಿದುಬಂದಿರುವ ಕಥೆಗಳಿಂದ ತಿಳಿಯುತ್ತದೆ. ಫಿನ್ನಿಯನ್ ಎಂಬ ಧರ್ಮಾಧ್ಯಕ್ಷರ ಬಳಿ ಅವರು ಪವಿತ್ರ ಗ್ರಂಥವನ್ನು ಕಲಿತರು. ಗೆಮ್ಮನ್ ಎಂಬ ವೃದ್ಧರ ಬಳಿಯೂ ಓದಿದರು. ಮುಂದೆ ಸನ್ಯಾಸಿಯಾಗಿ, ಗುರುದೀಕ್ಷೆ ಪಡೆದರು. ಓಕ್ ಮರಗಳ ತೋಪೊಂದರಲ್ಲಿ ಅವರು ಕಟ್ಟಿದರೆನ್ನಲಾದ ಮಠದ ಸುತ್ತ ಬೆಳೆದದ್ದೇ ಇಂದಿನ ಡೆರಿ ನಗರ. ಆ ಹೆಸರಿನ ಅರ್ಥವೇ ಓಕ್ ತೋಪು.

ಡೊನೆಗಾಲಿನ ಪಶ್ಚಿಮ ತುದಿಯಲ್ಲಿ ಅವರ ಹೆಸರನ್ನೇ ಹೊತ್ತ ಕಣಿವೆಯೊಂದಿದೆ, ಗ್ಲೆನ್‌ಕೊಲಂಕಿಲ್. ಅಟ್ಲಾಂಟಿಕ್ ಸಾಗರ ನೇರವಾಗಿ ಬಂದು ಅಪ್ಪಳಿಸುವ ಜಾಗ. ಸಮೀಪದಲ್ಲೇ 600 ಮೀಟರ್ ಎತ್ತರದ ಸ್ಲೀವ್ ಲೀಗ್ ಎಂಬ ಕಡಿದಾದ ಬೆಟ್ಟ ಸಮುದ್ರಕ್ಕೆ ಇಳಿಯುತ್ತದೆ. ಗೇಲಿಕ್ ಭಾಷಾಪ್ರದೇಶವೆಂದು ಐರ್ಲೆಂಡ್ ಸರ್ಕಾರ ಗುರುತಿಸಿರುವ ಈ ಕಣಿವೆಯಲ್ಲಿ ಪ್ರತಿ ಜೂನ್ 9ರಂದು ಭಕ್ತರು ಪಾದಯಾತ್ರೆ ಮಾಡುತ್ತಾರೆ. ಹೊಲ, ಹಳ್ಳ, ಗುಡ್ಡಗಳ ನಡುವೆ ಹರಡಿರುವ 15 ತಾಣಗಳಲ್ಲಿ ನಿಂತು, ಶಿಲುಬೆ ಕೆತ್ತಿದ ಹಳೆಯ ಕಲ್ಲುಗಳನ್ನು ಸುತ್ತಿ ಜಪ ಮಾಡುತ್ತಾರೆ. ಕೊಲಂಬಾ ಪ್ರೀತಿಸಿದ ನೆಲ ಎಂಥದೆಂದು ಈ ಕಣಿವೆಯನ್ನು ನೋಡಿದವರಿಗೆ ತಿಳಿಯುತ್ತದೆ. ಅದನ್ನು ಬಿಟ್ಟುಹೋಗುವುದರ ನೋವೂ ಅಲ್ಲೇ ತಿಳಿಯುತ್ತದೆ.

ಒಂದು ಪುಸ್ತಕ, ಒಂದು ಯುದ್ಧ

ಅವರೇಕೆ ಬಿಟ್ಟುಹೋದರು? ಇಲ್ಲಿ ಇತಿಹಾಸವನ್ನೂ ಐತಿಹ್ಯವನ್ನೂ ಬೇರೆಬೇರೆಯಾಗಿಯೇ ಇಡಬೇಕು.

ಐತಿಹ್ಯ ಹೀಗಿದೆ. ಗುರು ಫಿನ್ನಿಯನ್ ಅವರ ಬಳಿ ಕೀರ್ತನೆಗಳ ಒಂದು ಅಪರೂಪದ ಪ್ರತಿಯಿತ್ತು. ಕೊಲಂಬಾ ರಾತ್ರಿ ಗುಟ್ಟಾಗಿ ಕುಳಿತು ಅದನ್ನು ನಕಲು ಮಾಡಿದರು. ವಿಷಯ ತಿಳಿದ ಫಿನ್ನಿಯನ್ ಆ ನಕಲು ತನಗೇ ಸೇರಬೇಕೆಂದರು. ವ್ಯಾಜ್ಯ ಅರಸ ಡಿಯರ್ಮಿಡ್‌ನ ಮುಂದೆ ಹೋಯಿತು. ಹಸುವಿನ ಒಡೆಯನಿಗೇ ಕರುವೂ ಸೇರುವಂತೆ ಪುಸ್ತಕದ ಒಡೆಯನಿಗೇ ಅದರ ನಕಲೂ ಸೇರಬೇಕೆಂದು ಅರಸ ತೀರ್ಪಿತ್ತನಂತೆ. ಸಿಟ್ಟಿಗೆದ್ದ ಕೊಲಂಬಾ ತಮ್ಮ ಬಂಧುಬಳಗವನ್ನು ಅರಸನ ಮೇಲೆ ಎತ್ತಿಕಟ್ಟಿದರು. ಕಾಳಗದಲ್ಲಿ ಮೂರು ಸಾವಿರ ಜನ ಸತ್ತರೆಂದು ಕಥೆ ಹೇಳುತ್ತದೆ.

ಈ ಪುಸ್ತಕದ ಕಥೆ ಬಹಳ ಕಾಲದ ನಂತರ ಬರಹಕ್ಕೆ ಬಂದದ್ದು. ಕೊಲಂಬಾ ತೀರಿಕೊಂಡ ಸುಮಾರು ನೂರು ವರ್ಷಗಳಿಗೆ ಅವರ ಚರಿತ್ರೆಯನ್ನು ಲ್ಯಾಟಿನ್ನಿನಲ್ಲಿ ಬರೆದವರು ಐಯೋನಾದ ಒಂಬತ್ತನೇ ಮಠಾಧಿಪತಿ ಸಂತ ಅಡೊಮ್ನಾನ್. ಅವರ ಗ್ರಂಥದಲ್ಲಿ ಈ ಕಥೆಯ ಸುಳಿವಿಲ್ಲ. ಆದರೆ ಯುದ್ಧವಂತೂ ನಿಜ. 561ರಲ್ಲಿ ಕೂಲ್ ಡ್ರೆವ್ನೆ ಎಂಬಲ್ಲಿ ಕೊಲಂಬಾ ಅವರ ರಕ್ತಸಂಬಂಧಿಗಳೇ ಅರಸ ಡಿಯರ್ಮಿಡ್‌ನನ್ನು ಸೋಲಿಸಿದರು. ಧರ್ಮಸಭೆಯ ಸಭೆಯೊಂದು ಕೊಲಂಬಾ ಅವರಿಗೆ ಬಹಿಷ್ಕಾರ ಹಾಕಿತ್ತೆಂದೂ, ಬಿರ್‌ನ ಬ್ರೆಂಡನ್ ಎಂಬ ಸಂತರು ಅವರ ಪರವಾಗಿ ಎದ್ದುನಿಂತ ಮೇಲೆ ಅದು ಬಿದ್ದುಹೋಯಿತೆಂದೂ ಅಡೊಮ್ನಾನ್ ಬರೆಯುತ್ತಾರೆ. ಕಾರಣ ಕ್ಷುಲ್ಲಕವಾಗಿತ್ತು ಎಂದಷ್ಟೇ ಹೇಳಿ ಮುಂದೆ ಸಾಗುತ್ತಾರೆ. ಗುರುಭಕ್ತಿಯುಳ್ಳ ಲೇಖಕ ಎಲ್ಲವನ್ನೂ ಬಿಚ್ಚಿಡಲಿಲ್ಲವೇನೋ.

ಆ ಕಾಲದ ಕೀರ್ತನೆಗಳ ಒಂದು ಹಸ್ತಪ್ರತಿ ಮಾತ್ರ ಇಂದಿಗೂ ಉಳಿದಿದೆ. ಅದು ಕೊಲಂಬಾ ಅವರದೇ ಕೈಬರಹವೆಂದು ಪರಂಪರೆ ನಂಬುತ್ತದೆ. ಅದರ 58 ಹಾಳೆಗಳು ಡಬ್ಲಿನ್ ನಗರದ ರಾಯಲ್ ಐರಿಷ್ ಅಕಾಡೆಮಿಯಲ್ಲಿವೆ. ಅದರ ಹೆಸರು ಕಾಹಾಕ್, ಯುದ್ಧವೀರ ಎಂದರ್ಥ. ಓ ಡೊನೆಲ್ ಮನೆತನದವರು ಗೆಲುವಿಗಾಗಿ ಅದನ್ನು ಯುದ್ಧಭೂಮಿಗೆ ಹೊತ್ತೊಯ್ಯುತ್ತಿದ್ದುದರಿಂದ ಈ ಹೆಸರು ಬಂತು. ದೇವರನ್ನು ಸ್ತುತಿಸುವ ಕೀರ್ತನೆಗಳಿಗೆ ಇಂಥ ಹೆಸರು! ಮನುಷ್ಯನ ಕೈಗೆ ಸಿಕ್ಕರೆ ಪವಿತ್ರ ವಸ್ತುವೂ ಜಗಳಕ್ಕೆ ಆಯುಧವಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಚರ್ಮದ ದೋಣಿಯಲ್ಲಿ

ಯುದ್ಧ ನಡೆದು ಎರಡು ವರ್ಷಕ್ಕೆ, 563ರಲ್ಲಿ, ಹನ್ನೆರಡು ಸಂಗಡಿಗರೊಂದಿಗೆ ಕೊಲಂಬಾ ದೋಣಿ ಹತ್ತಿದರು. ಆಗ ಅವರಿಗೆ 42 ವರ್ಷ. ಸತ್ತವರಷ್ಟೇ ಆತ್ಮಗಳನ್ನು ಕ್ರಿಸ್ತನಿಗಾಗಿ ಗೆದ್ದುಕೊಡಬೇಕೆಂದು ಪಾಪನಿವೇದನೆಯಲ್ಲಿ ಅವರಿಗೆ ಪ್ರಾಯಶ್ಚಿತ್ತ ವಿಧಿಸಲಾಗಿತ್ತು ಎನ್ನುತ್ತದೆ ಐತಿಹ್ಯ. ಕ್ರಿಸ್ತನಿಗೋಸ್ಕರ ಪರದೇಶಿಯಾಗಲು ಅವರೇ ಬಯಸಿದರು ಎನ್ನುತ್ತಾರೆ ಅಡೊಮ್ನಾನ್. ಎರಡೂ ಒಟ್ಟಿಗೆ ನಿಜವಾಗಿರಲು ಅಡ್ಡಿಯೇನೂ ಇಲ್ಲ. ಬಂಧುಬಳಗವೇ ಮನುಷ್ಯನ ಬಲವಾಗಿದ್ದ ಆ ಸಮಾಜದಲ್ಲಿ ಬಳಗವನ್ನು ಬಿಟ್ಟು ಹೊರಡುವುದೆಂದರೆ ಅರ್ಧ ಸತ್ತಂತೆಯೇ. ರಕ್ತ ಸುರಿಸದ ಇಂಥ ತ್ಯಾಗವನ್ನು ಐರಿಷ್ ಸನ್ಯಾಸಿಗಳು ಬಿಳಿ ರಕ್ತಸಾಕ್ಷಿತ್ವ ಎಂದು ಕರೆಯುತ್ತಿದ್ದರು.

ಮರದ ಹಂದರಕ್ಕೆ ಎತ್ತಿನ ಚರ್ಮ ಹೊದಿಸಿದ ದೋಣಿ ಅದು. ಅವರು ಬಂದಿಳಿದರೆನ್ನುವ ಐಯೋನಾದ ದಕ್ಷಿಣದ ಕೊಲ್ಲಿಗೆ ಇಂದಿಗೂ ಚರ್ಮದೋಣಿಯ ಬಂದರು ಎಂಬ ಗೇಲಿಕ್ ಹೆಸರಿದೆ. ಅಲೆ ಉಜ್ಜಿ ನುಣುಪಾಗಿಸಿದ ಬಣ್ಣಬಣ್ಣದ ಕಲ್ಲುಗಳು ಅಲ್ಲಿ ರಾಶಿ ಬಿದ್ದಿವೆ. ಸಮೀಪದ ದಿಬ್ಬವೊಂದರ ಹೆಸರು ಐರ್ಲೆಂಡಿಗೆ ಬೆನ್ನು. ಕೊಲಂಬಾ ಆ ದಿಬ್ಬ ಹತ್ತಿ ದಕ್ಷಿಣದ ಕಡೆ ನೋಡಿದರು. ತಾಯ್ನಾಡು ಕಣ್ಣಿಗೆ ಬೀಳದು ಎಂದು ಖಾತ್ರಿಯಾದ ಮೇಲೆಯೇ ಅಲ್ಲಿ ನೆಲೆಸಿದರು ಎಂದು ದ್ವೀಪದ ಜನ ಹೇಳುತ್ತಾ ಬಂದಿದ್ದಾರೆ. ಕಾಣುತ್ತಿದ್ದರೆ ಮನಸ್ಸು ಹಿಂದಕ್ಕೆ ಎಳೆಯುತ್ತಿತ್ತೇನೋ.

ಮುಂದೆ ಕೆಲಸದ ನಿಮಿತ್ತ ಅವರು ಐರ್ಲೆಂಡಿಗೆ ಹೋಗಿಬಂದದ್ದೂ ಉಂಟು. ಆದರೆ ಸಾಯುವವರೆಗಿನ 34 ವರ್ಷ ಅವರ ಮನೆ ಐಯೋನಾವೇ ಆಗಿತ್ತು. ಆ ಕಡಲತೀರ ಅವರಿಗೆ ಪೂರ್ತಿ ಪರಕೀಯವೂ ಅಲ್ಲ. ಐರ್ಲೆಂಡಿನಿಂದ ಬಂದು ನೆಲೆಸಿದ್ದ ಗೇಲಿಕ್ ಜನರ ಡಾಲ್ ರಿಯಾಡಾ ರಾಜ್ಯ ಅಲ್ಲಿತ್ತು. ಅದರ ಅರಸ ಕೊನಾಲ್ ಈ ದ್ವೀಪವನ್ನು ಅವರಿಗೆ ದಾನವಾಗಿತ್ತನೆಂದು ಐರಿಷ್ ವಾರ್ಷಿಕ ದಾಖಲೆಗಳು ಹೇಳುತ್ತವೆ.

ದಡದಲ್ಲಿ ಕೂಗುವವರು

ಮಠವೆಂದರೆ ಕಲ್ಲಿನ ಭವ್ಯ ಕಟ್ಟಡವಲ್ಲ. ಮರ ಮತ್ತು ಹೆಣೆದ ಕಡ್ಡಿಗಳ ಗುಡಿಸಲುಗಳು, ಒಂದು ದೇವಾಲಯ, ಒಂದು ಕಣಜ, ಸುತ್ತ ಮಣ್ಣಿನ ದಿಂಡು. ಸಹೋದರರು ಪಶ್ಚಿಮದ ಮರಳುಮಿಶ್ರಿತ ಹುಲ್ಲುಬಯಲಿನಲ್ಲಿ ಉಳುತ್ತಿದ್ದರು, ಹಸು ಸಾಕುತ್ತಿದ್ದರು, ಮೀನು ಹಿಡಿಯುತ್ತಿದ್ದರು, ಗ್ರಂಥಗಳನ್ನು ನಕಲು ಮಾಡುತ್ತಿದ್ದರು. ಕೊಲಂಬಾ ಬರೆಯುತ್ತಿದ್ದ ಗುಡಿಸಲು ಒಂದು ದಿಬ್ಬದ ಮೇಲಿತ್ತೆಂದು ಪರಂಪರೆ ಹೇಳುತ್ತಿತ್ತು. 1957ರಲ್ಲಿ ಅಲ್ಲಿ ಅಗೆದಾಗ ಸುಟ್ಟ ಗುಡಿಸಲೊಂದರ ಇದ್ದಿಲು ದೊರೆಯಿತು. ಅದನ್ನು ಪರೀಕ್ಷಿಸಿದ ವಿಜ್ಞಾನಿಗಳು ಅದು 540 ಮತ್ತು 650ರ ನಡುವಿನದೆಂದು 2017ರಲ್ಲಿ ಪ್ರಕಟಿಸಿದರು. ಕೊಲಂಬಾ ಅವರ ಕಾಲಕ್ಕೆ ಇದು ಹೊಂದುತ್ತದೆ.

ಅಡೊಮ್ನಾನ್ ಅವರ ಗ್ರಂಥದಲ್ಲಿ ಮತ್ತೆ ಮತ್ತೆ ಬರುವ ಒಂದು ದೃಶ್ಯವಿದೆ. ಮಲ್ ದ್ವೀಪದ ದಡದಲ್ಲಿ ಯಾರೋ ನಿಂತು ಕೂಗುತ್ತಾರೆ. ಈಚೆಯಿಂದ ಸಹೋದರರು ದೋಣಿ ಹಾಕಿಕೊಂಡು ಹೋಗಿ ಅವರನ್ನು ಕರೆತರುತ್ತಾರೆ. ಹೀಗೆ ಬಂದವರಲ್ಲಿ ರೋಗಿಗಳಿದ್ದರು, ಅರಸರಿದ್ದರು, ಕೊಲೆಗಡುಕರೂ ಇದ್ದರು. ತಾನು ಪರದೇಶಿಯಾದ ವ್ಯಕ್ತಿ ಬೇರೆಯವರಿಗೆ ಬಾಗಿಲು ತೆರೆದುಕೊಂಡು ಕುಳಿತಿದ್ದರು.

ಒಮ್ಮೆ ಎರ್ಕ್ ಎಂಬ ಕಳ್ಳ, ಮಠಕ್ಕೆ ಸೇರಿದ ನಡುಗಡ್ಡೆಯಲ್ಲಿ ಮರಿ ಹಾಕುತ್ತಿದ್ದ ಸೀಲ್ ಪ್ರಾಣಿಗಳನ್ನು ಕದಿಯಲು ಬಂದು, ಹಗಲು ಮರಳಿನಲ್ಲಿ ಅಡಗಿದ್ದ. ಹಿಡಿದು ತಂದ ಅವನಿಗೆ ಕೊಲಂಬಾ ಬುದ್ಧಿ ಹೇಳಿದರು. ಬೇಕಿದ್ದರೆ ಕೇಳಬಾರದಿತ್ತೇ ಎಂದು ಗದರಿದರು. ಬರಿಗೈಯಲ್ಲಿ ಹೋಗಬಾರದೆಂದು ಕುರಿಗಳನ್ನು ಕೊಯ್ಯಿಸಿ ಅವನಿಗೆ ಕೊಟ್ಟು ಕಳುಹಿಸಿದರು.

ಇನ್ನೊಮ್ಮೆ ಒಬ್ಬ ಸಹೋದರನನ್ನು ಕರೆದು, ದ್ವೀಪದ ಪಶ್ಚಿಮ ತೀರದಲ್ಲಿ ಕಾದು ಕುಳಿತಿರುವಂತೆ ಹೇಳಿದರು. ಐರ್ಲೆಂಡಿನ ಕಡೆಯಿಂದ ಒಂದು ಕೊಕ್ಕರೆ ಗಾಳಿಗೆ ಸಿಕ್ಕಿ, ಸೋತು ಬಂದು ಮರಳಿನ ಮೇಲೆ ಬೀಳುವುದಾಗಿಯೂ, ಅದನ್ನು ಎತ್ತಿಕೊಂಡು ಮೂರು ದಿನ ಆರೈಕೆ ಮಾಡಬೇಕೆಂದೂ ತಿಳಿಸಿದರು. ಹಾಗೇ ಆಯಿತು. ಮೂರು ದಿನ ಮೇವು ತಿಂದ ಕೊಕ್ಕರೆ ಮೇಲೆದ್ದು ದಾರಿ ನೋಡಿಕೊಂಡು ನೇರವಾಗಿ ಐರ್ಲೆಂಡಿಗೆ ಹಾರಿಹೋಯಿತು. ತಮ್ಮ ಹುಟ್ಟೂರಿನ ಸೀಮೆಯಿಂದ ಬಂದ ಹಕ್ಕಿ ಎಂಬುದೇ ಅವರಿಗೆ ಸಾಕಾಗಿತ್ತು. ಅದು ಹೋಯಿತು, ಅವರು ಉಳಿದರು.

ಜೊಂಡಿನ ನಡುವೆ ಲಿಬ್ರಾನ್

ಆದರೆ ಕೊಲಂಬಾ ಅವರ ಅಂತರಂಗವನ್ನು ತೋರಿಸುವ ಕಥೆ ಲಿಬ್ರಾನ್‌ನದು. ಐರ್ಲೆಂಡಿನ ಪಶ್ಚಿಮ ಭಾಗದ ಈತ ಒಬ್ಬನನ್ನು ಕೊಂದು ಸೆರೆಯಾಗಿದ್ದ. ಮರಣದಂಡನೆ ಖಚಿತವಾಗಿತ್ತು. ಶ್ರೀಮಂತ ಬಂಧುವೊಬ್ಬ ಹಣ ತೆತ್ತು ಬಿಡಿಸಿದ. ಬದುಕಿರುವಷ್ಟು ಕಾಲ ನಿನ್ನ ಸೇವೆ ಮಾಡುತ್ತೇನೆಂದು ಲಿಬ್ರಾನ್ ಆಣೆಯಿಟ್ಟ. ಕೆಲವೇ ದಿನಗಳಲ್ಲಿ ಆಣೆ ಮುರಿದು ಓಡಿಬಂದ. ಐಯೋನಾಕ್ಕೆ ಬಂದು ಕೊಲಂಬಾ ಅವರ ಪಾದಕ್ಕೆ ಬಿದ್ದು ಎಲ್ಲವನ್ನೂ ಹೇಳಿಕೊಂಡ.

ಕೊಲಂಬಾ ಅವನನ್ನು ದೂಡಲಿಲ್ಲ. ಸುಲಭವಾಗಿ ಬಿಡಲೂ ಇಲ್ಲ. ಪಶ್ಚಿಮಕ್ಕಿರುವ ಟೈರೀ ದ್ವೀಪದ ಮಠಕ್ಕೆ ಕಳುಹಿಸಿ ಏಳು ವರ್ಷ ಪ್ರಾಯಶ್ಚಿತ್ತ ಮಾಡಿಸಿದರು. ಅವಧಿ ಮುಗಿದ ಮೇಲೆ ಬಲಿಪೀಠದ ಬಳಿಗೆ ಕರೆದು ಪರಮಪ್ರಸಾದ ಕೊಟ್ಟರು. ಅಲ್ಲಿಗೆ ಮುಗಿಯಿತೆಂದು ನಾವು ಅಂದುಕೊಳ್ಳುತ್ತೇವೆ. ಕೊಲಂಬಾ ಹಾಗೆ ಅಂದುಕೊಳ್ಳಲಿಲ್ಲ. ಮುರಿದ ಆಣೆ ಇನ್ನೂ ಉಳಿದಿತ್ತು. ದಂತದ ಕೆತ್ತನೆಯಿದ್ದ ಬೆಲೆಬಾಳುವ ಕತ್ತಿಯೊಂದನ್ನು ಅವನ ಕೈಗಿತ್ತು, ಆ ಬಂಧುವಿಗೆ ಒಪ್ಪಿಸಿ ಬಿಡುಗಡೆ ಪಡೆದು ಬಾ ಎಂದು ಊರಿಗೆ ಕಳುಹಿಸಿದರು.

ಬಂಧು ಕತ್ತಿಗೆ ಆಸೆಪಟ್ಟು ಕೈಚಾಚಿದ. ತಡೆದವಳು ಅವನ ಹೆಂಡತಿ. ಈ ಮನುಷ್ಯನನ್ನು ಬೆಲೆಯಿಲ್ಲದೆಯೇ ಬಿಟ್ಟುಬಿಡೋಣ, ಸಂತರ ಆಶೀರ್ವಾದವೇ ನಮಗೆ ಹೆಚ್ಚಿನ ಲಾಭ ಎಂದು ಆಕೆ ತಿಳಿಹೇಳಿದಳು. ಅವನು ಒಪ್ಪಿದ. ಅಷ್ಟರಲ್ಲಿ ಲಿಬ್ರಾನ್‌ನ ಅಣ್ಣತಮ್ಮಂದಿರು ಎದುರಾದರು. ಇಷ್ಟು ವರ್ಷ ತಂದೆತಾಯಿಯನ್ನು ನೋಡಿಕೊಂಡವರು ನಾವು, ಈಗ ಸರದಿ ನಿನ್ನದು ಎಂದರು. ಅದೂ ನ್ಯಾಯವೇ. ಅವನು ನಿಂತ. ತಂದೆ ಬೇಗನೆ ತೀರಿಕೊಂಡರು. ಆಮೇಲೆ ಕಿರಿಯ ತಮ್ಮ ಮುಂದೆ ಬಂದು, ತಾಯಿಯನ್ನು ನಾನು ನೋಡಿಕೊಳ್ಳುತ್ತೇನೆಂದು ಹೇಳಿ ಅಣ್ಣನನ್ನು ಬೀಳ್ಕೊಟ್ಟ. ಲಿಬ್ರಾನ್ ಮರಳಿ ಬಂದು ಟೈರೀಯಲ್ಲಿ ಸನ್ಯಾಸಿಯಾದ. ಜೊಂಡು ಕೊಯ್ಯುವ ಕೆಲಸ ಮಾಡುತ್ತಾ ಮುಪ್ಪಿನವರೆಗೆ ಬದುಕಿದ. ಜನ ಅವನನ್ನು ಜೊಂಡಿನ ಲಿಬ್ರಾನ್ ಎಂದೇ ಕರೆದರು.

ಪಶ್ಚಾತ್ತಾಪ, ಪಾಪನಿವೇದನೆ, ಪರಿಹಾರ ಎಂಬ ಮೂರು ಮೆಟ್ಟಿಲುಗಳನ್ನು ನಾವು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಮೊದಲ ಎರಡಕ್ಕೆ ನಮ್ಮಲ್ಲಿ ಹೆಚ್ಚಿನವರು ಸಿದ್ಧ. ಮೂರನೆಯದಕ್ಕೆ ಬಂದಾಗ ಕಾಲು ಹಿಂದೆಗೆಯುತ್ತದೆ. ಕೆಟ್ಟದ್ದನ್ನು ಸರಿಪಡಿಸಲು ಮತ್ತೆ ಆ ಮನೆಯ ಬಾಗಿಲಿಗೇ ಹೋಗಿ ನಿಲ್ಲಬೇಕಲ್ಲ! ಲಿಬ್ರಾನ್‌ಗೆ ಆ ದಾರಿ ತೋರಿಸಿದವರು, ತಮ್ಮವರ ಕೈಯಲ್ಲಿ ಸತ್ತವರ ನೆನಪನ್ನು ಹೊತ್ತು ಕಡಲು ದಾಟಿದವರು. ಅವರ ಯುದ್ಧದಲ್ಲಿ ಸತ್ತವರು ಮರಳಿ ಬರುವಂತಿರಲಿಲ್ಲ. ಅವರಿಗೆ ಉಳಿದ ಪರಿಹಾರವೆಂದರೆ ಬದುಕಿದ್ದವರ ಸೇವೆ.

ಐರ್ಲೆಂಡಿನ ಉತ್ತರಕ್ಕಿರುವ ರಾತ್ಲಿನ್ ದ್ವೀಪದಲ್ಲೂ ಇಂಥದೇ ಒಂದು ಪ್ರಸಂಗ. ಗಂಡ ಕುರೂಪಿಯೆಂದು ಅವನನ್ನು ದ್ವೇಷಿಸುತ್ತಿದ್ದ ಹೆಂಡತಿಯೊಬ್ಬಳು ಬೇಕಾದರೆ ಕನ್ಯಾಮಠಕ್ಕೆ ಸೇರುತ್ತೇನೆ, ಇವನೊಂದಿಗೆ ಮಾತ್ರ ಬಾಳಲಾರೆ ಎಂದು ಹಟ ಹಿಡಿದಿದ್ದಳು. ಕೊಲಂಬಾ ತೀರ್ಪು ಕೊಡಲು ಹೋಗಲಿಲ್ಲ. ಮೂವರೂ ಸೇರಿ ಒಂದು ದಿನ ಉಪವಾಸವಿದ್ದು ಪ್ರಾರ್ಥಿಸೋಣ ಎಂದರು. ಮಾರನೆಯ ದಿನ ಆಕೆಯ ಮನಸ್ಸು ತಿರುಗಿತ್ತು. ಉಪದೇಶಿಸುವವನೂ ಉಪವಾಸ ಕೂತಾಗ ಮಾತಿಗೆ ತೂಕ ಬರುತ್ತದೆ.

ಉತ್ತರದ ಬೆಟ್ಟಗಳಾಚೆ

ಸ್ಕಾಟ್ಲೆಂಡಿನ ನಟ್ಟನಡುವಿನ ಬೆಟ್ಟಸಾಲನ್ನು ದಾಟಿ ಕೊಲಂಬಾ ಪಿಕ್ಟ್ ಜನರ ನಾಡಿಗೂ ಹೋದರು. ಅವರ ಭಾಷೆ ಬೇರೆ. ದುಭಾಷಿಯ ಮೂಲಕ ದೇವರ ವಾಕ್ಯ ಸಾರಬೇಕಾಯಿತು. ನೆಸ್ ನದಿಯ ಸಮೀಪ ಅರಸ ಬ್ರೀಡೈಯ ಕೋಟೆಯಿತ್ತು. ಆ ನದಿಯಲ್ಲಿ ಮನುಷ್ಯರನ್ನು ಹಿಡಿಯುತ್ತಿದ್ದ ಜಲಮೃಗವೊಂದನ್ನು ಅವರು ಶಿಲುಬೆಯ ಗುರುತಿನಿಂದ ಓಡಿಸಿದರೆಂಬ ಕಥೆ ಇಂದು ಲೋಕಪ್ರಸಿದ್ಧ. ಪ್ರವಾಸಿಗರು ಹುಡುಕುವುದು ಆ ಮೃಗವನ್ನು. ಆದರೆ ಮೊದಲು ಮುಚ್ಚಿದ್ದ ಕೋಟೆಯ ಬಾಗಿಲು ತೆರೆದು, ಅರಸ ಈ ಪರದೇಶಿ ಸನ್ಯಾಸಿಯನ್ನು ಗೌರವದಿಂದ ಬರಮಾಡಿಕೊಂಡನಲ್ಲ, ಅದೇ ದೊಡ್ಡ ಸಂಗತಿ. ಎರಡು ವೈರಿ ಜನಾಂಗಗಳ ನಡುವೆ, ಹಿಂದೆ ಯುದ್ಧಕ್ಕೆ ಕಾರಣವಾಗಿದ್ದ ವ್ಯಕ್ತಿ ಆಯುಧವಿಲ್ಲದೆ ಓಡಾಡಿದರು.

ಕೊನೆಯ ಸಾಲು

597ರ ಜೂನ್ 8, ಶನಿವಾರ. ಎಪ್ಪತ್ತೈದು ದಾಟಿದ ಕೊಲಂಬಾ ಕಣಜಕ್ಕೆ ಹೋಗಿ ಧಾನ್ಯದ ರಾಶಿಗಳನ್ನು ಆಶೀರ್ವದಿಸಿದರು. ತಾವು ಹೋದ ಮೇಲೂ ಸಹೋದರರಿಗೆ ಆ ವರ್ಷಕ್ಕೆ ಊಟವಿದೆಯೆಂದು ಸಮಾಧಾನಪಟ್ಟರು. ಹಿಂತಿರುಗುವಾಗ ದಣಿದು ದಾರಿಯ ಬದಿಯಲ್ಲಿ ಕುಳಿತರು. ಹಾಲಿನ ಪಾತ್ರೆ ಹೊರುತ್ತಿದ್ದ ಮಠದ ಬಿಳಿ ಕುದುರೆ ಬಂದು ಅವರ ಎದೆಗೆ ತಲೆಯಿಟ್ಟು ಕಣ್ಣೀರು ಸುರಿಸಿತು. ಸೇವಕ ಡಿಯರ್ಮಿಟ್ ಓಡಿಸಲು ಹೋದಾಗ ಕೊಲಂಬಾ ಬೇಡವೆಂದರು.

ಆಮೇಲೆ ಗುಡಿಸಲಿಗೆ ಬಂದು ಕೀರ್ತನೆಗಳನ್ನು ನಕಲು ಮಾಡಲು ಕುಳಿತರು. ದೇವರನ್ನು ಅರಸುವವರಿಗೆ ಯಾವ ಒಳಿತಿಗೂ ಕೊರತೆಯಾಗದೆಂದು ಹೇಳುವ 34ನೇ ಕೀರ್ತನೆಯ ಸಾಲಿಗೆ ಬಂದಾಗ ಲೇಖನಿ ಇಟ್ಟರು. ಮುಂದಿನದನ್ನು ಬೈತೀನ್ ಬರೆಯಲಿ ಎಂದರು. ಬೈತೀನ್ ಅವರ ನಂತರ ಮಠಾಧಿಪತಿಯಾದವರು. ಐತಿಹ್ಯದಲ್ಲಿ ಅವರ ಜಗಳ ಶುರುವಾದದ್ದು ಕೀರ್ತನೆಗಳ ನಕಲಿನಿಂದ. ಚರಿತ್ರೆಯಲ್ಲಿ ಅವರ ಬದುಕು ಮುಗಿದದ್ದೂ ಕೀರ್ತನೆಗಳ ನಕಲಿನಲ್ಲೇ. ಈ ಸಲ ಪ್ರತಿ ನನ್ನದು ಎಂಬ ಹಟವಿರಲಿಲ್ಲ. ಅರ್ಧಕ್ಕೇ ಬಿಟ್ಟು ಇನ್ನೊಬ್ಬರ ಕೈಗೆ ಒಪ್ಪಿಸಿದರು.

ಆ ರಾತ್ರಿ ಸಹೋದರರಿಗೆ ಅವರು ಹೇಳಿಕಳುಹಿಸಿದ ಕೊನೆಯ ಮಾತು, ಪರಸ್ಪರ ಪ್ರೀತಿ ಮತ್ತು ಸಮಾಧಾನದಿಂದ ಬಾಳಿ ಎಂಬುದೇ. ನಡುರಾತ್ರಿಯ ಗಂಟೆ ಕೇಳುತ್ತಲೇ ಎಲ್ಲರಿಗಿಂತ ಮೊದಲು ದೇವಾಲಯಕ್ಕೆ ಓಡಿ, ಕತ್ತಲಲ್ಲಿ ಬಲಿಪೀಠದ ಮುಂದೆ ಮೊಣಕಾಲೂರಿದರು. ದೀಪ ಹಿಡಿದು ಸಹೋದರರು ಬರುವಷ್ಟರಲ್ಲಿ ಕುಸಿದಿದ್ದರು. ಡಿಯರ್ಮಿಟ್ ಅವರ ಬಲಗೈ ಎತ್ತಿ ಹಿಡಿದ. ಆ ಕೈ ಎಲ್ಲರನ್ನೂ ಆಶೀರ್ವದಿಸಿತು. ಜೂನ್ 9ರ ಭಾನುವಾರ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಅಂತ್ಯಕ್ರಿಯೆಯ ಮೂರು ದಿನವೂ ಬಿರುಗಾಳಿ ಬೀಸಿ ದೋಣಿಗಳು ದಾಟಲಾಗಲಿಲ್ಲ. ಹೊರಗಿನ ಜನಜಂಗುಳಿಯಿಲ್ಲದೆ, ಮಠದ ಕುಟುಂಬವೊಂದೇ ತನ್ನ ತಂದೆಯನ್ನು ಮಣ್ಣು ಮಾಡಿತು.

ಅವರು ಹಚ್ಚಿದ ದೀಪ ಆರಲಿಲ್ಲ. 635ರಲ್ಲಿ ಐಯೋನಾದಿಂದ ಹೊರಟ ಸಂತ ಏಡನ್ ಇಂಗ್ಲೆಂಡಿನ ಉತ್ತರದಲ್ಲಿ ಶುಭಸಂದೇಶ ಸಾರಿದರು. 795ರಿಂದ ವೈಕಿಂಗ್ ದರೋಡೆಕೋರರು ದ್ವೀಪದ ಮೇಲೆರಗಿದರು. 806ರಲ್ಲಿ 68 ಮಂದಿಯನ್ನು ಕೊಂದರು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿರುವ ಜಗತ್ಪ್ರಸಿದ್ಧ ಕೆಲ್ಸ್ ಗ್ರಂಥ ಆ ಸುಮಾರಿನಲ್ಲಿ ಐಯೋನಾದಲ್ಲೇ ಸಿದ್ಧವಾಯಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಎಂಟನೇ ಶತಮಾನದ ಸಂತ ಮಾರ್ಟಿನರ ಕಲ್ಲಿನ ಶಿಲುಬೆ ಗಾಳಿಮಳೆಗೆ ಜಗ್ಗದೆ ಅಲ್ಲಿ ಇಂದಿಗೂ ನಿಂತಿದೆ.

ಪ್ರಿಯ ಓದುಗರೇ, ಐಯೋನಾದ ಬಿಳಿ ಮರಳನ್ನು ನೋಡುವ ಭಾಗ್ಯ ನಮ್ಮಲ್ಲಿ ಎಷ್ಟು ಮಂದಿಗಿದೆಯೋ ತಿಳಿಯದು. ಆದರೆ ಸಿಟ್ಟಿನಲ್ಲಿ ಮುರಿದುಹೋದ ಸಂಬಂಧವೊಂದು ಇಲ್ಲದ ಮನೆ ಅಪರೂಪ. ಒಂದು ತುಂಡು ಜಾಗಕ್ಕೆ, ಒಂದು ಮಾತಿಗೆ, ನನ್ನದು ಎಂಬ ಹಟಕ್ಕೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಮುಖ ನೋಡದೆ ಇರುತ್ತಾರೆ. ಪಾರಿವಾಳವೆಂದು ಹೆಸರಿದ್ದ ಒಬ್ಬರು ನಿಜಕ್ಕೂ ಪಾರಿವಾಳವಾಗಲು 34 ವರ್ಷ, ಒಂದು ಸಮುದ್ರ ಬೇಕಾಯಿತು. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಈ ಜೂನ್ 9ರಂದು ಪಕ್ಕದ ಮನೆಯ ಹೊಸ್ತಿಲವರೆಗೆ ಹೋದರೂ ಸಾಕು.